ತಂತ್ರಾಂಶದ ಕಟ್ಟು

ಗ್ರಂಥವನ್ನು ರಚಿಸುವುದು ಒಂದು ವಿದ್ಯೆ. ರಚಿತವಾದುದನ್ನು ಪರಸ್ಥಳದ ಓದುಗನ ಕೈಗೆ ಕೆಡದಂತೆ ಮುಟ್ಟಿಸುವುದು ಮತ್ತೊಂದು ವಿದ್ಯೆ. ಓಲೆಗರಿಯ ಕಾಲದಲ್ಲಿ ಲಿಪಿಕಾರನು ಬರೆದು ಮುಗಿಸಿದ ಮೇಲೆ ಗರಿಗಳ ಕ್ರಮಾಂಕವನ್ನು ನೋಡಿ, ರಂಧ್ರದಲ್ಲಿ ದಾರವನ್ನು ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯನ್ನಿಟ್ಟು, ವಸ್ತ್ರದಲ್ಲಿ ಸುತ್ತಿ ಕಟ್ಟುತ್ತಿದ್ದನು. ಆ ಕಟ್ಟು ಬಿಗಿಯಾಗಿದ್ದ ಗ್ರಂಥಗಳು ಶ್ರೀಮಠದ ಭಂಡಾರದಲ್ಲಿ ಇಂದಿಗೂ ಓದಲು ಯೋಗ್ಯವಾಗಿವೆ. ಕಟ್ಟು ಸಡಿಲಿದ ಗ್ರಂಥಗಳಲ್ಲಿ ಎಷ್ಟೇ ಉತ್ತಮ ಕಾವ್ಯವಿದ್ದರೂ ಈಗ ಉಳಿದಿರುವುದು ಬಿಡಿ ಗರಿಗಳು ಮಾತ್ರ.

ಈ ವರ್ಷದ ಸಂಚಿಕೆಗೆ ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಸೂಚಿಸಿದ್ದರು. ಅದನ್ನು ಬಿಟ್ಟು, ಗಣಕಯಂತ್ರದ ತಂತ್ರಾಂಶವನ್ನು ಕಟ್ಟಿ ಕಳುಹಿಸುವ ಬಗೆಯನ್ನು ಕುರಿತು ಬರೆಯಹೊರಟಿರುವುದಕ್ಕೆ ಕಾರಣವುಂಟು. ಕಡೂರು, ತರೀಕೆರೆ ಮತ್ತು ಅಜ್ಜಂಪುರಗಳಲ್ಲಿರುವ ನಮ್ಮ ಮೂರು ಶಾಲೆಗಳ ಪೂರ್ವವಿದ್ಯಾರ್ಥಿಗಳ ಹೆಸರುಗಳನ್ನು ಒಂದೆಡೆ ಸೇರಿಸುವ ಕಾರ್ಯದಲ್ಲಿ ನನ್ನ ಕೈಯಿಂದಲೇ ಒಂದು ಹಾನಿಯು ಸಂಭವಿಸಿತು. ಹೆಸರುಗಳನ್ನು ದಾಖಲಿಸುವ ತಂತ್ರಾಂಶದಲ್ಲಿ ದೋಷವಿರಲಿಲ್ಲ, ಅದರ ಕಟ್ಟಿನಲ್ಲಿತ್ತು. ಹೀಗಾದುದು ಹೇಗೆಂದು ವಿಚಾರಿಸುತ್ತ ಹೋದಂತೆ, ಗಣಕಶಾಸ್ತ್ರದಲ್ಲಿ ಈ ಕಟ್ಟುವ ಕೆಲಸವು ಒಂದು ಪ್ರತ್ಯೇಕ ಪ್ರಕರಣವೇ ಆಗಿದೆಯೆಂಬುದು ತಿಳಿದುಬಂತು. ನಾನು ಕಲಿತುದನ್ನು ನಮ್ಮ ಉಪಾಧ್ಯಾಯ ಬಂಧುಗಳೂ, ಶಾಲೆಗಳಿಗೆ ಗಣಕಯಂತ್ರಗಳನ್ನು ಕೊಡಿಸಿದ ದಾನಿಗಳೂ ತಿಳಿಯುವುದು ಉಚಿತವೆಂದು ಈ ಬರಹವನ್ನು ಒಪ್ಪಿಸುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ತಂತ್ರಾಂಶವೊಂದನ್ನು ಹೊಸ ಯಂತ್ರದಲ್ಲಿ ನೆಲೆಗೊಳಿಸುವ ಕಡತಕ್ಕೆ ಇಂಗ್ಲಿಷಿನಲ್ಲಿ ಇನ್‌ಸ್ಟಾಲರ್ ಎನ್ನುವರು. ಅಂಗಡಿಯವರೂ ಹುಡುಗರೂ ‘ಸೆಟಪ್’ ಎನ್ನುವರು. ಕನ್ನಡದಲ್ಲಿ ‘ಅನುಸ್ಥಾಪಕ’ವೆಂಬ ಮಾತು ಬಳಕೆಗೆ ಬಂದಿದೆ. ‘ಅನು’ ಎಂಬ ಉಪಸರ್ಗಕ್ಕೆ ಇಲ್ಲಿ ಯಾವ ಕೆಲಸವೂ ಇಲ್ಲವಾದುದರಿಂದ ನಾನು ‘ಸ್ಥಾಪಕ’ವೆಂದೇ ಬರೆಯುತ್ತೇನೆ. ಶರಣರ ಪರಿಭಾಷೆಯನ್ನು ಬಲ್ಲ ನಮ್ಮ ವಾಚಕರಿಗೆ ಇನ್ನೂ ಹತ್ತಿರದ ಮಾತಿನಲ್ಲಿ ಹೇಳುವುದಾದರೆ, ರಚಿಸಿದವನ ಯಂತ್ರದಲ್ಲಿ ಸ್ಥಾವರವಾಗಿರುವ ತಂತ್ರಾಂಶವನ್ನು ಜಂಗಮವಾಗಿಸುವ ಸಾಧನವೇ ಸ್ಥಾಪಕ.

ಒಂದು ಯಂತ್ರದಲ್ಲಿ ನಡೆಯುವ ತಂತ್ರಾಂಶವನ್ನು ಹಾಗೆಯೇ ನಕಲು ಮಾಡಿ ಇನ್ನೊಂದಕ್ಕೆ ಒಯ್ದರೆ ಸಾಲದೇ ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ನಾನೂ ಹಾಗೆಯೇ ಕೇಳಿದ್ದೆನು. ಜಾತ್ರೆಯ ದಾಸೋಹಕ್ಕೆಂದು ಪರಊರಿಗೆ ಹೋಗುವ ಅಡುಗೆಯವರನ್ನು ನೋಡಿದವರಿಗೆ ಇದರ ಉತ್ತರವು ಗೊತ್ತಿದೆ. ತನ್ನ ಮನೆಯ ಒಲೆಯ ಮುಂದೆ ನಿಂತವನಿಗೆ ತಾನು ಯಾವಯಾವುದನ್ನು ಆಶ್ರಯಿಸಿದ್ದೇನೆಂಬ ಅರಿವೇ ಇರುವುದಿಲ್ಲ. ಕೈಚಾಚಿದರೆ ಸೌಟು, ತಿರುಗಿದರೆ ಉಪ್ಪು. ಪರಸ್ಥಳದಲ್ಲಿ ಕೊಪ್ಪರಿಗೆಯನ್ನು ಒಲೆಗೇರಿಸಿದ ಮೇಲೆ ಜಾಲರಿಯಿಲ್ಲವೆಂಬುದು ಗೊತ್ತಾಗುತ್ತದೆ. ತಂತ್ರಾಂಶವನ್ನು ಬರೆಯುವವರ ಯಂತ್ರದಲ್ಲಿಯೂ ಹೀಗೆಯೇ. ಹಲವು ವರ್ಷಗಳಿಂದ ಬಂದು ಸೇರಿದ ಆಧಾರಕಡತಗಳು, ಅಕ್ಷರವಿನ್ಯಾಸಗಳು, ಅನುಮತಿಗಳು ಅಲ್ಲಿ ಮೊದಲೇ ಇರುತ್ತವೆ. ಅವುಗಳನ್ನು ಒಂದೊಂದಾಗಿ ಎಣಿಸಿ, ಯಾವುದನ್ನು ಜೊತೆಗೆ ಒಯ್ಯಬೇಕು, ಯಾವುದು ಹೋದ ಊರಿನಲ್ಲಿಯೇ ದೊರೆಯುತ್ತದೆ, ಯಾವುದನ್ನು ಎಲ್ಲಿ ಇಡಬೇಕು ಎಂಬುದನ್ನು ನಿರ್ಣಯಿಸುವುದೇ ಸ್ಥಾಪಕವನ್ನು ಕಟ್ಟುವ ಕೆಲಸ.

ಕನ್ನಡಿಗರಿಗೆ ಇದರ ಮಹತ್ವವು ಇಂಗ್ಲಿಷ್ ಬಳಸುವವರಿಗಿಂತ ಮೊದಲೇ ತಿಳಿಯಬೇಕಾಯಿತು. ಯೂನಿಕೋಡ್ ಸಂಕೇತಪಟ್ಟಿಯ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆತಿದ್ದರೂ, ವಿಂಡೋಸ್ ಕಾರ್ಯವ್ಯವಸ್ಥೆಯು ನಮ್ಮ ಒತ್ತಕ್ಷರಗಳನ್ನು ತಾನಾಗಿ ಜೋಡಿಸಿ ತೋರಿಸತೊಡಗಿದುದು ೨೦೦೧ರ ವಿಂಡೋಸ್ ಎಕ್ಸ್‌ಪಿಯಿಂದ. ಅದರಲ್ಲಿಯೂ ಭಾಷಾಸಿದ್ಧತೆಯ ಪುಟಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಬೆಂಬಲವೆಂಬ ಚೌಕದಲ್ಲಿ ಗುರುತು ಹಾಕಿ, ಮೂಲ ಸಿ.ಡಿ.ಯನ್ನು ಯಂತ್ರದೊಳಗಿಟ್ಟು, ಪೂರಕ ಕಡತಗಳನ್ನು ಪಡೆದುಕೊಳ್ಳಬೇಕಾಗಿತ್ತು. ಸಿ.ಡಿ. ಕೈಯಲ್ಲಿಲ್ಲದವರಿಗೆ ಕನ್ನಡವೂ ಇಲ್ಲ. ೨೦೦೭ರಲ್ಲಿ ಸಾರ್ವಜನಿಕರಿಗೆ ದೊರೆತ ವಿಸ್ಟಾದಿಂದೀಚೆಗೆ ಈ ತೊಡಕು ತಪ್ಪಿತು. ಎಕ್ಸ್‌ಪಿಯೊಡನೆ ಬಂದ ಕನ್ನಡ ಅಕ್ಷರವಿನ್ಯಾಸಕ್ಕೆ ಮೈಕ್ರೋಸಾಫ್ಟಿನವರು ‘ತುಂಗಾ’ ಎಂದು ಹೆಸರಿಟ್ಟಿದ್ದರೆಂಬುದನ್ನು ನಮ್ಮ ಸೀಮೆಯವರು ಸಂತೋಷದಿಂದ ನೆನೆಯಬಹುದು.

ಆ ನಡುವಿನ ಕಾಲದಲ್ಲಿ ಕನ್ನಡದ ಬರವಣಿಗೆಯನ್ನು ಊರೂರಿಗೆ ಮುಟ್ಟಿಸಿದವು ನಮ್ಮವರೇ ಕಟ್ಟಿದ ತಂತ್ರಾಂಶಗಳು. ಶೇಷಾದ್ರಿವಾಸು ಅವರ ‘ಬರಹ’ವು ೧೯೯೮ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ರಾಜ್ಯ ಸರ್ಕಾರವು ತನ್ನ ಕಚೇರಿಗಳಲ್ಲಿ ಬಳಕೆಗೆ ತಂದಿತು, ಅದರ ಕೀಲಿಮಣೆಯ ವಿನ್ಯಾಸಕ್ಕೆ ಕೆ. ಪಿ. ರಾಯರ ಚಿಂತನೆಯೇ ಮೂಲ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರೂ (೧೯೩೮–೨೦೦೭) ಈ ವಿಷಯದಲ್ಲಿ ಬಹಳ ಆಸ್ಥೆ ವಹಿಸಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಹೊರಬಂದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಇಂತಹ ತಂತ್ರಾಂಶದ ಸ್ಥಾಪಕವು ಬರೆಯುವ ಪುಟವನ್ನು ತಂದಿರಿಸಿದರೆ ಮುಗಿಯಲಿಲ್ಲ. ತನ್ನ ಅಕ್ಷರವಿನ್ಯಾಸಗಳನ್ನು ವಿಂಡೋಸಿನ ಫಾಂಟ್ಸ್ ಎಂಬ ಕೋಶದಲ್ಲಿರಿಸಿ ಅವುಗಳನ್ನು ರಿಜಿಸ್ಟ್ರಿಯೆಂಬ ಕೇಂದ್ರ ದಾಖಲೆಯಲ್ಲಿ ಬರೆಯಿಸಬೇಕು. ಒತ್ತಿದ ಕೀಲಿಯನ್ನು ಆಲಿಸಿ ಕನ್ನಡಕ್ಕೆ ತಿರುಗಿಸುವ ಘಟಕವನ್ನು ಜಾಗೃತವಾಗಿರಿಸಬೇಕು. ಕೀಲಿಗಳನ್ನು ಆಲಿಸುವ ಯಾವುದನ್ನೇ ಆಗಲಿ ವೈರಸ್ ನಿವಾರಕಗಳು ಕಳ್ಳನೆಂದು ಶಂಕಿಸುವುದುಂಟು. ಇಷ್ಟನ್ನೂ ದಾಟಿ, ಗಣಕದ ಪರಿಚಯವೇ ಇಲ್ಲದ ಗುಮಾಸ್ತರ ಕೈಯಲ್ಲಿ ನಾಲ್ಕು ಸಲ ‘ಮುಂದೆ’ ಎಂದು ಒತ್ತಿದರೆ ಕನ್ನಡವು ಮೂಡುವಂತೆ ಮಾಡಿದವರ ಶ್ರಮವನ್ನು ಪಂಡಿತರು ಯಾವ ಸಾಹಿತ್ಯಚರಿತ್ರೆಯಲ್ಲಿಯೂ ಬರೆದಿಲ್ಲ, ಬರೆಯತಕ್ಕುದು.

ಯೂನಿಕೋಡಿಗೆ ಮುನ್ನಿನ ಆ ಅಕ್ಷರವಿನ್ಯಾಸಗಳಲ್ಲಿ ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿಯೇ ಕನ್ನಡದ ಚಿತ್ರಗಳನ್ನು ಕೂರಿಸಿದ್ದರು. ಆದಕಾರಣ ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ರೋಮನ್ ಅಕ್ಷರಗಳು ತಲೆಯ ಮೇಲೆ ಕೊಂಬು, ಕೆಳಗೆ ಬಾಲ ಧರಿಸಿ ಸಾಲಾಗಿ ನಿಲ್ಲುತ್ತವೆ. ನಮ್ಮ ಕಡೂರಿನ ಕಚೇರಿಯಲ್ಲಿ ಹಿಂದೊಮ್ಮೆ ಯಾವುದೋ ತಂತ್ರಾಂಶವನ್ನು ತೆಗೆದುಹಾಕಿದಾಗ ಅದು ಹೋಗುತ್ತ ತನ್ನೊಡನೆ ಫಾಂಟುಗಳನ್ನೂ ಒಯ್ದಿತು. ಮರುದಿನ ಹತ್ತು ವರ್ಷದ ವಾರ್ಷಿಕ ವರದಿಗಳು ಪಿಶಾಚಭಾಷೆಯಲ್ಲಿದ್ದವು. ಹಂಚಿಕೊಂಡು ಬಳಸುವ ವಸ್ತುವನ್ನು ತೆಗೆಯುವಾಗ ಬಿಟ್ಟುಹೋಗಬೇಕೆಂಬ ಕಟ್ಟಳೆಯನ್ನು ಸ್ಥಾಪಕದಲ್ಲಿ ಬರೆಯಲು ಅವಕಾಶವುಂಟು. ಬರೆಯುವವರು ವಿರಳ.

ಇನ್ನು ನಮ್ಮ ಶಾಲೆಗಳ ಪ್ರಸಂಗಕ್ಕೆ ಬರುತ್ತೇನೆ. ಕಡೂರಿನಲ್ಲಿ ನನ್ನಲ್ಲಿ ಕನ್ನಡ ಕಲಿತು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಯುವಕರೊಬ್ಬರು ರಜಾದಿನಗಳಲ್ಲಿ ಕುಳಿತು, ಪ್ರತಿಫಲವನ್ನು ಬಯಸದೆ, ದಾಖಲಾತಿ ಪುಸ್ತಕಗಳಲ್ಲಿರುವ ಹೆಸರು, ತಂದೆಯ ಹೆಸರು, ಊರು, ಸೇರಿದ ವರ್ಷ ಇವುಗಳನ್ನು ಬರೆದಿಡುವ ಚಿಕ್ಕದೊಂದು ತಂತ್ರಾಂಶವನ್ನು ರಚಿಸಿಕೊಟ್ಟರು. ಕಡೂರಿನ ಯಂತ್ರದಲ್ಲಿ ಅದು ಸೊಗಸಾಗಿ ನಡೆಯಿತು. ಪೆನ್ ಡ್ರೈವಿನಲ್ಲಿ ನಕಲು ಮಾಡಿಕೊಂಡು ನಾನೇ ತರೀಕೆರೆಗೆ ಒಯ್ದೆನು. ಅಲ್ಲಿ ತೆರೆಯಲೇ ಇಲ್ಲ. ಡಾಟ್‌ನೆಟ್ ಎಂಬುದನ್ನು ಮೊದಲು ಸ್ಥಾಪಿಸಿರೆಂದು ಇಂಗ್ಲಿಷಿನಲ್ಲಿ ಒಂದು ಫಲಕವು ಬಂದಿತು. ದೂರವಾಣಿಯಲ್ಲಿ ಕೇಳಿದರೆ, “ಗುರುಗಳೇ, ನನ್ನ ಯಂತ್ರದಲ್ಲಿಯೂ ಕಡೂರಿನದರಲ್ಲಿಯೂ ಅದು ಮೊದಲೇ ಇತ್ತು, ನನಗೆ ಹೊಳೆಯಲಿಲ್ಲ” ಎಂದರು. ಸೌಟನ್ನು ಮರೆತು ಬಂದ ಅಡುಗೆಯವನ ಮಾತೇ.

ಇದಕ್ಕೆ ಪರಿಹಾರಗಳು ಎರಡು. ಆ ಆಧಾರಭಾಗವನ್ನು ಪ್ರತ್ಯೇಕವಾಗಿ ಪಡೆದುಕೊಳ್ಳುವಂತೆ ಸ್ಥಾಪಕವೇ ಏರ್ಪಾಟು ಮಾಡುವುದು ಒಂದು. ಅದಕ್ಕೆ ಅಂತರ್ಜಾಲ ಬೇಕು. ಎಲ್ಲವನ್ನೂ ಗಂಟಿನಲ್ಲಿಯೇ ಕಟ್ಟುವುದು ಇನ್ನೊಂದು. ಆಗ ನಾಲ್ಕಾರು ಮೆಗಾಬೈಟಿನ ತಂತ್ರಾಂಶವು ಬಿಚ್ಚಿದಾಗ ನೂರು ಮೆಗಾಬೈಟನ್ನು ಮೀರುತ್ತದೆ. ಊರಿಂದೂರಿಗೆ ಪೆನ್ ಡ್ರೈವಿನಲ್ಲಿ ಒಯ್ಯುವ ನಮಗೆ ಗಾತ್ರದ ಚಿಂತೆಯಿಲ್ಲವೆಂದು ಎರಡನೆಯದನ್ನೇ ಆರಿಸಿಕೊಂಡೆವು.

ಅಜ್ಜಂಪುರದಲ್ಲಿ ಬೇರೆಯೇ ತೊಡಕು. ಅಲ್ಲಿಯ ಹಳೆಯ ಯಂತ್ರದಲ್ಲಿದ್ದುದು ೩೨ ಬಿಟ್ಟಿನ ವಿಂಡೋಸ್ ೧೦. ತಂತ್ರಾಂಶವು ೬೪ ಬಿಟ್ಟಿನದು. ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಕಿರುಹಳಿಯ ರೈಲು ಓಡುತ್ತಿದ್ದುದನ್ನು ಹಿರಿಯರು ಕೇಳಿರಬಹುದು. ದೊಡ್ಡ ಹಳಿಯ ಗಾಡಿಯನ್ನು ಅದರ ಮೇಲೆ ತಂದು ನಿಲ್ಲಿಸಲಾಗದಷ್ಟೆ. ಇಲ್ಲಿಯೂ ಹಾಗೆಯೇ ಆಯಿತು. ಆದರೆ ರೈಲಿನಲ್ಲಿಲ್ಲದ ಒಂದು ಸೌಕರ್ಯವು ವಿಂಡೋಸಿನಲ್ಲಿದೆ: ೩೨ ಬಿಟ್ಟಿಗೆಂದು ಸಿದ್ಧಪಡಿಸಿದುದು ೬೪ರ ಯಂತ್ರದಲ್ಲಿಯೂ ಓಡುತ್ತದೆ. ವಿಂಡೋಸ್ ೧೧ರಲ್ಲಿ ೩೨ ಬಿಟ್ಟಿನ ಆವೃತ್ತಿಯೇ ಇಲ್ಲ, ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ಆದರೂ ದಾನವಾಗಿ ಬಂದ ಹಳೆಯ ಯಂತ್ರಗಳನ್ನು ಆಶ್ರಯಿಸಿದ ನಮ್ಮಂತಹ ಶಾಲೆಗಳಿಗೆ ಕಟ್ಟುವವರು ಕಿರುಹಳಿಯನ್ನೂ ಗಮನದಲ್ಲಿರಿಸಬೇಕು.

ಇಷ್ಟಾದ ಮೇಲೆ ಆ ಯುವಕರು ಸ್ಥಾಪಕವನ್ನೇ ಕಟ್ಟುವುದಾಗಿ ನಿಶ್ಚಯಿಸಿದರು. ಇದಕ್ಕೆ ಹಲವು ಉಪಕರಣಗಳುಂಟು. ಮೈಕ್ರೋಸಾಫ್ಟಿನವರದೇ ಆದ ವಿಂಡೋಸ್ ಇನ್‌ಸ್ಟಾಲರ್ ಪದ್ಧತಿಯು ೧೯೯೯ರಲ್ಲಿ ಆಫೀಸ್ ೨೦೦೦ದೊಡನೆ ಬಂದಿತು. ಅದರ ಕಡತವು ವಾಸ್ತವವಾಗಿ ಹಲವು ಕೋಷ್ಟಕಗಳ ಒಂದು ಪುಟ್ಟ ದತ್ತಕೋಶ. ಸ್ಥಾಪನೆಯು ನಡುವೆ ಮುರಿದರೆ ಮಾಡಿದುದನ್ನೆಲ್ಲ ಹಿಂತೆಗೆದು ಯಂತ್ರವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಅದನ್ನು ಕಟ್ಟಿಕೊಡುವ ವಿಕ್ಸ್ ಎಂಬ ಉಪಕರಣವನ್ನು ೨೦೦೪ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಮೂಲಸಹಿತ ಲೋಕಕ್ಕೆ ಬಿಟ್ಟುಕೊಟ್ಟಿತು. ನೂರಾರು ಯಂತ್ರಗಳಿಗೆ ಒಂದೇ ಕೇಂದ್ರದಿಂದ ಸ್ಥಾಪಿಸುವ ದೊಡ್ಡ ಕಚೇರಿಗಳಿಗೆ ಇದೇ ತಕ್ಕುದು. ೨೦೧೮ರಲ್ಲಿ ಪ್ರಕಟವಾದ ಎಂಎಸ್‌ಐಎಕ್ಸ್ ಎಂಬ ಹೊಸ ಬಗೆಯೂ ಉಂಟು. ನಮ್ಮ ಮೂರು ಶಾಲೆಗಳಿಗೆ ಅಷ್ಟು ಆಡಂಬರವೇಕೆಂದು, ೧೯೯೭ರಿಂದ ಜೋರ್ಡನ್ ರಸೆಲ್ ಎಂಬವರು ಉಚಿತವಾಗಿ ನೀಡುತ್ತ ಬಂದಿರುವ ಇನ್ನೋ ಸೆಟಪ್ ಎಂಬುದನ್ನು ಆರಿಸಿಕೊಂಡರು.

ಇದರಲ್ಲಿ ಮಾಡಬೇಕಾದುದು ಒಂದು ಪಠ್ಯಕಡತವನ್ನು ಬರೆಯುವುದು. ತಂತ್ರಾಂಶದ ಹೆಸರೇನು, ಯಾವ ಕೋಶದಲ್ಲಿ ನೆಲೆಗೊಳ್ಳಬೇಕು, ಯಾವ ಕಡತಗಳು ಹೋಗಬೇಕು, ಪರದೆಯ ಮೇಲೆ ಚಿಹ್ನೆ ಬೇಕೇ, ಯಾವ ಫಾಂಟನ್ನು ದಾಖಲಿಸಬೇಕು, ತೆಗೆಯುವಾಗ ಏನನ್ನು ಅಳಿಸಬೇಕು ಇವೆಲ್ಲವನ್ನೂ ಅಧ್ಯಾಯಗಳಾಗಿ ವಿಂಗಡಿಸಿ ಸೂತ್ರರೂಪದಲ್ಲಿ ಬರೆದರೆ ಉಪಕರಣವು ಎಲ್ಲವನ್ನೂ ಸಂಕ್ಷೇಪಿಸಿ ಒಂದೇ ಸೆಟಪ್ ಕಡತವನ್ನಾಗಿ ಕಟ್ಟಿಕೊಡುತ್ತದೆ. ಸ್ಥಾಪಿಸುವಾಗ ಕಾಣುವ ಮಾತುಗಳನ್ನು ಬೇರೊಂದು ಕಡತದಲ್ಲಿ ಕನ್ನಡಿಸಬಹುದು. ಆ ಕೆಲಸವು ನನ್ನ ಪಾಲಿಗೆ ಬಂದಿತು. ‘ಮುಂದೆ’, ‘ಹಿಂದೆ’, ‘ಮುಗಿಸು’ ಇವು ಸುಲಭವಾಗಿ ಒದಗಿದವು. ಉಳಿದ ಕಡೆ ನಾನು ಬರೆದ ಸಮಾಸಪದಗಳು ಗುಂಡಿಯ ಅಗಲವನ್ನು ಮೀರಿ ಅರ್ಧಕ್ಕೆ ಕತ್ತರಿಸಿಹೋದವು; ಮೂರು ಸಲ ತಿದ್ದಿದ ಮೇಲೆ ಆಡುಮಾತಿಗೇ ಇಳಿಯಬೇಕಾಯಿತು. ಕನ್ನಡಕ್ಕೆ ವಿಂಡೋಸಿನಲ್ಲಿ ಆನ್ಸಿ ಬಗೆಯ ಸಂಕೇತಪುಟವಿಲ್ಲವಾದುದರಿಂದ ಹಳೆಯ ಉಪಕರಣಗಳಲ್ಲಿ ಇಷ್ಟೂ ಸಾಧ್ಯವಿರಲಿಲ್ಲ. ಇನ್ನೋ ಸೆಟಪ್ಪಿನ ೨೦೧೯ರ ಆರನೆಯ ಆವೃತ್ತಿಯು ಸಂಪೂರ್ಣವಾಗಿ ಯೂನಿಕೋಡಿನದು.

ಸ್ಥಳದ ವಿಚಾರವು ಇಲ್ಲಿ ಮುಖ್ಯವಾದುದು. ನಮ್ಮ ಹಾನಿಯ ಬೀಜವಿರುವುದೂ ಇದರಲ್ಲಿಯೇ. ವಿಂಡೋಸಿನಲ್ಲಿ ತಂತ್ರಾಂಶಗಳು ನೆಲೆಸುವ ಕೋಶವು ಪ್ರೋಗ್ರಾಂ ಫೈಲ್ಸ್. ವಿಸ್ಟಾದಿಂದೀಚೆಗೆ ಅದರೊಳಗೆ ಬರೆಯಲು ಯಂತ್ರದ ಆಡಳಿತಾಧಿಕಾರಿಯ ಒಪ್ಪಿಗೆಯು ಬೇಕು. ಸ್ಥಾಪಿಸುವಾಗ ಪರದೆಯು ಮಬ್ಬಾಗಿ ‘ಈ ಬದಲಾವಣೆಗೆ ಅನುಮತಿ ಕೊಡುವಿರಾ’ ಎಂದು ಕೇಳುವುದು ಇದಕ್ಕಾಗಿಯೇ. ಗರ್ಭಗುಡಿಯೊಳಗೆ ಅರ್ಚಕರಿಗಷ್ಟೇ ಪ್ರವೇಶವಿರುವಂತೆ. ತಂತ್ರಾಂಶವು ಅಲ್ಲಿ ನೆಲೆಸತಕ್ಕುದು. ಬಳಸುವವರು ದಿನದಿನವೂ ಬರೆಯುವ ಮಾಹಿತಿಯು ಹೊರಗೆ, ಅವರವರ ಡಾಕ್ಯುಮೆಂಟ್ಸ್ ಮುಂತಾದ ಕೋಶದಲ್ಲಿ ಇರತಕ್ಕುದು. ಇದು ಶಾಸ್ತ್ರ. ನಮ್ಮ ಯುವಕರು ಮೊದಲು ಮಾಹಿತಿಯನ್ನೂ ತಂತ್ರಾಂಶದ ಬದಿಯಲ್ಲಿಯೇ ಇರಿಸಿದ್ದರು. ಅನುಮತಿಯ ಅಡ್ಡಿ ಬಂದೊಡನೆ, ಎರಡನ್ನೂ ಒಟ್ಟಿಗೆ ಸಿ ಡ್ರೈವಿನಲ್ಲಿ ನೇರವಾಗಿ ಒಂದು ಕೋಶವನ್ನು ಮಾಡಿ ಅದರೊಳಗೆ ಹಾಕಿದರು. ಕೆಲಸವು ನಡೆಯಿತು. ತೆಗೆದುಹಾಕಿದಾಗ ಯಂತ್ರದಲ್ಲಿ ಕಸವೇನೂ ಉಳಿಯಬಾರದೆಂಬ ಸದುದ್ದೇಶದಿಂದ, ಆ ಕೋಶವನ್ನು ಅದರಲ್ಲಿರುವ ಸಮಸ್ತದೊಡನೆ ಅಳಿಸತಕ್ಕುದೆಂಬ ಒಂದು ಸಾಲನ್ನೂ ಸೇರಿಸಿದರು. ತಾನು ತಂದಿರಿಸಿದ ಕಡತಗಳನ್ನು ಮಾತ್ರ ಅಳಿಸುವುದು ಆ ಉಪಕರಣದ ಸಹಜಧರ್ಮ. ಅದನ್ನು ಮೀರಿಸಿದುದು ಆ ಒಂದು ಸಾಲು.

ಮುಂದಿನದು ನನ್ನ ಪಾಲು. ಯುವಕರು ತಂತ್ರಾಂಶಕ್ಕೆ ‘ಹಳೆವಿದ್ಯಾರ್ಥಿ ಕೋಶ’ವೆಂದು ಹೆಸರಿಟ್ಟಿದ್ದರು. ಕನ್ನಡದ ‘ಹಳೆ’ಗೆ ಸಂಸ್ಕೃತದ ‘ವಿದ್ಯಾರ್ಥಿ’ಯನ್ನು ಕಟ್ಟಿದುದು ಅರಿಸಮಾಸವೆಂದು ನಾನು ಆಕ್ಷೇಪಿಸಿ, ‘ಪೂರ್ವವಿದ್ಯಾರ್ಥಿ ನಾಮಾವಳಿ’ಯೆಂದು ಬದಲಿಸಬೇಕೆಂದು ಹಟ ಹಿಡಿದೆನು. ಅವರು ಗುರುವಾಕ್ಯವನ್ನು ಮನ್ನಿಸಿ ಎರಡನೆಯ ಆವೃತ್ತಿಯಲ್ಲಿ ಹೆಸರನ್ನು ಬದಲಿಸಿದರು. ಪ್ರತಿಯೊಂದು ತಂತ್ರಾಂಶಕ್ಕೂ ಹೆಸರಿನಿಂದ ಬೇರೆಯಾದ, ಎಂದೂ ಬದಲಾಗದ ಒಂದು ಗುರುತುಸಂಖ್ಯೆಯನ್ನು ಸ್ಥಾಪಕದಲ್ಲಿ ಬರೆಯಬೇಕು. ಬರೆಯದಿದ್ದರೆ ಉಪಕರಣವು ಹೆಸರನ್ನೇ ಗುರುತಾಗಿ ತೆಗೆದುಕೊಳ್ಳುತ್ತದೆ. ನಮ್ಮದರಲ್ಲಿ ಬರೆದಿರಲಿಲ್ಲ. ಹೆಸರು ಬದಲಾದೊಡನೆ ವಿಂಡೋಸಿನ ಕಣ್ಣಿಗೆ ಅದು ಅನ್ಯ ತಂತ್ರಾಂಶವೇ ಆಗಿ, ಪಟ್ಟಿಯಲ್ಲಿ ಹಳೆಯದೂ ಹೊಸದೂ ಅಕ್ಕಪಕ್ಕದಲ್ಲಿ ಕಾಣಿಸಿಕೊಂಡವು. ನೆಲೆಸಿದ ಕೋಶವು ಮಾತ್ರ ಒಂದೇ.

ಅಜ್ಜಂಪುರದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮೂರು ತಿಂಗಳ ಕಾಲ ಪ್ರತಿದಿನ ಮಧ್ಯಾಹ್ನ ಬಂದು, ಗೆದ್ದಲು ಹಿಡಿದ ಮೊದಲ ದಾಖಲಾತಿ ಪುಸ್ತಕದ ಹೆಸರುಗಳನ್ನು ಒಂದು ಬೆರಳಿನಿಂದ ಟೈಪು ಮಾಡಿ ಮುಗಿಸಿದ್ದರು. ನಾನು ಹೊಸ ಆವೃತ್ತಿಯನ್ನು ಒಯ್ದು ಸ್ಥಾಪಿಸಿ, ಪಟ್ಟಿಯಲ್ಲಿ ಉಳಿದಿದ್ದ ಆ ಅರಿಸಮಾಸದ ಹೆಸರನ್ನು ಕಂಡು, ಹಳೆಯದೇಕೆ ಇರಬೇಕೆಂದು ‘ತೆಗೆದುಹಾಕು’ ಎಂಬುದನ್ನು ಒತ್ತಿದೆನು. ಕೋಶವು ಸಮಸ್ತದೊಡನೆ ಹೋಯಿತು: ಹಳೆಯದು, ಹೊಸದು, ಮೂರು ತಿಂಗಳ ಬರವಣಿಗೆ. ಹೀಗೆ ಅಳಿಸಿದುದು ಕಸದ ಬುಟ್ಟಿಗೂ ಹೋಗುವುದಿಲ್ಲ. ಗಾಬರಿಯಿಂದ ನಾನು ಎರಡು ಸಲ ಪುನಃ ಸ್ಥಾಪಿಸಿದುದರಿಂದ ಡಿಸ್ಕಿನಲ್ಲಿ ಉಳಿದಿರಬಹುದಾದ ಅವಶೇಷವೂ ಮುಚ್ಚಿಹೋಯಿತು. ಆ ಹಿರಿಯರು ಕನ್ನಡಕವನ್ನು ತೆಗೆದು ಒರೆಸಿಕೊಂಡು, “ಪುಸ್ತಕ ಇನ್ನೂ ಇದೆಯಲ್ಲ ಪಂಡಿತರೇ, ನಾಳೆಯಿಂದ ಮತ್ತೆ ಕೂರುತ್ತೇನೆ” ಎಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ವ್ಯಾಕರಣದಲ್ಲಿ ಆಗಮ, ಆದೇಶ, ಲೋಪ ಎಂಬ ಮೂರು ಕಾರ್ಯಗಳನ್ನು ಮಕ್ಕಳಿಗೆ ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಆಗಮವು ಮಿತ್ರನಂತೆ ಬಂದು ಬದಿಯಲ್ಲಿ ಕೂರುತ್ತದೆ; ಆದೇಶವು ಶತ್ರುವಿನಂತೆ ಇದ್ದುದನ್ನು ತಳ್ಳಿ ಅದರ ಸ್ಥಾನವನ್ನು ಹಿಡಿಯುತ್ತದೆ ಎಂದು ವೈಯಾಕರಣರು ಹೇಳುವುದುಂಟು. ಸ್ಥಾಪಕಕ್ಕೂ ಈ ಮೂರೇ ಕಾರ್ಯಗಳು. ಮೊದಲ ಸ್ಥಾಪನೆಯು ಆಗಮ. ಹೊಸ ಆವೃತ್ತಿಯು ಆದೇಶವಾಗಿರಬೇಕು. ಸ್ಥಾನಿ ಯಾರೆಂದು ಅದಕ್ಕೆ ಗೊತ್ತಿರಬೇಕು. ನಮ್ಮದರಲ್ಲಿ ಸ್ಥಾನಿಯ ಗುರುತು ತಪ್ಪಿ, ಆದೇಶವಾಗಬೇಕಾದುದು ಆಗಮವಾಯಿತು. ಲೋಪವು ಎಷ್ಟರವರೆಗೆ ಎಂಬುದನ್ನು ಸೂತ್ರದಲ್ಲಿ ಸ್ಪಷ್ಟವಾಗಿ ಹೇಳಿರಬೇಕು. ಪ್ರಕೃತಿಯ ಕೊನೆಯ ಸ್ವರವು ಲೋಪಿಸಬೇಕಾದಲ್ಲಿ ಪ್ರಕೃತಿಯೇ ಲೋಪವಾದರೆ ಭಾಷೆಯು ಉಳಿಯುವುದೇ?

ಮೂರನೆಯ ಆವೃತ್ತಿಯನ್ನು ಯುವಕರು ಶಾಸ್ತ್ರೋಕ್ತವಾಗಿ ಕಟ್ಟಿದ್ದಾರೆ. ತಂತ್ರಾಂಶವು ಪ್ರೋಗ್ರಾಂ ಫೈಲ್ಸಿನಲ್ಲಿ, ಹೆಸರುಗಳು ಡಾಕ್ಯುಮೆಂಟ್ಸಿನಲ್ಲಿ. ಗುರುತುಸಂಖ್ಯೆಯನ್ನು ಬರೆದಾಗಿದೆ. ಆ ಒಂದು ಸಾಲು ಹೋಗಿದೆ. ತೆರೆದಾಗಲೆಲ್ಲ ಹಿಂದಿನ ದಿನದ ಮಾಹಿತಿಯ ನಕಲೊಂದು ತಾನಾಗಿ ಉಳಿಯುತ್ತದೆ. ಮುಕ್ತ ಪರವಾನಗಿಯಲ್ಲಿ ದೊರೆಯುವ ನೋಟೋ ಕನ್ನಡ ಅಕ್ಷರವಿನ್ಯಾಸವನ್ನು ಗಂಟಿನಲ್ಲಿ ಸೇರಿಸಿ, ತೆಗೆಯುವಾಗ ಅದನ್ನು ಮುಟ್ಟದಂತೆ ಕಟ್ಟಳೆ ಮಾಡಿದ್ದಾರೆ. ‘ತುಂಗಾ’ ಇದೆಯಲ್ಲವೇ ಎಂದು ನಾನು ಕೇಳಿದೆನು. ವಿಂಡೋಸ್ ೧೦ರಿಂದೀಚೆಗೆ ಅದು ಬೇಕೆಂದವರಿಗೆ ಮಾತ್ರ ಬರುವ ಐಚ್ಛಿಕ ಭಾಗವಾಗಿದೆಯೆಂದರು.

ಪರೀಕ್ಷೆಯ ಕ್ರ‌ಮವನ್ನೂ ಅವರು ಬದಲಿಸಿದರು. ಕಟ್ಟಿದವರ ಯಂತ್ರದಲ್ಲಿ ಪರೀಕ್ಷಿಸುವುದು ವ್ಯರ್ಥ. ವಿಂಡೋಸಿನ ಪ್ರೋ ಆವೃತ್ತಿಯಲ್ಲಿ ೨೦೧೯ರಿಂದ ಸ್ಯಾಂಡ್‌ಬಾಕ್ಸ್ ಎಂಬ ಏರ್ಪಾಟಿದೆ. ಯಂತ್ರದೊಳಗೆ ಹೊಚ್ಚಹೊಸದೊಂದು ಯಂತ್ರವು ತೆರೆದಂತೆ. ಅದರಲ್ಲಿ ಏನನ್ನು ಸ್ಥಾಪಿಸಿದರೂ ಮುಚ್ಚಿದೊಡನೆ ಎಲ್ಲವೂ ಅಳಿಯುತ್ತದೆ. ಸ್ಥಾಪಿಸುವುದು, ನಾಲ್ಕು ಹೆಸರು ಬರೆಯುವುದು, ಮೇಲೆ ಹೊಸ ಆವೃತ್ತಿಯನ್ನು ಹಾಕುವುದು, ಹೆಸರುಗಳಿವೆಯೇ ನೋಡುವುದು, ತೆಗೆದುಹಾಕುವುದು, ಮತ್ತೆ ನೋಡುವುದು. ಮೂರನೆಯ ಆವೃತ್ತಿಯನ್ನು ಹೀಗೆ ಪರೀಕ್ಷಿಸುವುದನ್ನು ನಾನು ಕಣ್ಣಾರೆ ಕಂಡೆನು. ಅರ್ಧ ಗಂಟೆಯ ಕೆಲಸ. ಮೊದಲೇ ಮಾಡಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಉಳಿದುದು ಮುದ್ರೆಯ ಪ್ರಶ್ನೆ. ಸ್ಥಾಪಕವನ್ನು ಅಂಚೆಯಲ್ಲಿ ಕಳುಹಿಸಿದಾಗ ತರೀಕೆರೆಯ ಮುಖ್ಯೋಪಾಧ್ಯಾಯರಿಗೆ ‘ವಿಂಡೋಸ್ ನಿಮ್ಮ ಗಣಕವನ್ನು ರಕ್ಷಿಸಿದೆ’ ಎಂಬ ಅರ್ಥದ ನೀಲಿ ಫಲಕವು ಎದುರಾಗಿ ಅವರು ಹೆದರಿ ನಿಲ್ಲಿಸಿದರು. ಅಂಚೆಯೆಂದರೆ ಇ-ಅಂಚೆ. ಅದೇ ಕಡತವನ್ನು ಪೆನ್ ಡ್ರೈವಿನಲ್ಲಿ ಒಯ್ದಾಗ ಫಲಕವು ಬರಲಿಲ್ಲ. ಅಂತರ್ಜಾಲದಿಂದ ಇಳಿದ ಕಡತಕ್ಕೆ ವಿಂಡೋಸ್ ಒಂದು ಅದೃಶ್ಯ ಚೀಟಿಯನ್ನು ಅಂಟಿಸುತ್ತದೆಂದೂ, ಸಾಮಾನ್ಯ ಪೆನ್ ಡ್ರೈವುಗಳ ಕಡತವ್ಯವಸ್ಥೆಯಲ್ಲಿ ಆ ಚೀಟಿಯು ಉಳಿಯದೆಂದೂ ಆಮೇಲೆ ತಿಳಿಯಿತು. ಕೆಳದಿಯ ಅರಸರ ಕಾಲದಲ್ಲಿ ನಿರೂಪವು ಮುದ್ರೆಯೊಡನೆ ಬಂದರೆ ಮಾತ್ರ ಮಾನ್ಯವಾಗುತ್ತಿದ್ದಂತೆ, ಸ್ಥಾಪಕಕ್ಕೂ ಅಂಕಿತಮುದ್ರೆಯನ್ನು ಒತ್ತಬಹುದು. ಕಡತದ ಒಂದಕ್ಷರವು ಬದಲಾದರೂ ಮುದ್ರೆಯು ಮುರಿಯುತ್ತದೆ. ಪ್ರಮಾಣಪತ್ರವನ್ನು ಮಾನ್ಯ ಸಂಸ್ಥೆಯಿಂದ ಹಣ ಕೊಟ್ಟು ಪಡೆದು, ಕಾಲಕಾಲಕ್ಕೆ ನವೀಕರಿಸಬೇಕು. ೨೦೨೩ರ ಜೂನ್ ೧ರಿಂದ ಅದರ ಗುಪ್ತಕೀಲಿಯನ್ನು ಸುರಕ್ಷಿತ ಯಂತ್ರಾಂಶದಲ್ಲಿಯೇ ಇರಿಸಬೇಕೆಂಬ ನಿಯಮವೂ ಬಂದಿದೆ. ಮೂರು ಶಾಲೆಗಳ ಒಂದು ಪಟ್ಟಿಗೆ ಇಷ್ಟು ವೆಚ್ಚವು ಸಲ್ಲದೆಂದು ನನ್ನ ಅಭಿಪ್ರಾಯ. ಆದುದರಿಂದ ನಮ್ಮ ಸ್ಥಾಪಕವು ಪೆನ್ ಡ್ರೈವಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ; ಅನುಮತಿ ಕೇಳುವ ಫಲಕದಲ್ಲಿ ‘ಅಪರಿಚಿತ ಪ್ರಕಾಶಕ’ರೆಂದು ಬಂದರೆ ಆ ಅಪರಿಚಿತರು ನಾವೇ.

ಅಜ್ಜಂಪುರದ ಹಿರಿಯರು ಎರಡನೆಯ ಬಾರಿಗೆ ಬರೆದು ಮುಗಿಸಿದ್ದಾರೆ. ಮೊದಲ ಸಲ ಪುಟಗಳನ್ನು ಮಗುಚುವಾಗಲೇ ಪುಡಿಯಾಗುತ್ತಿದ್ದ ಆ ದಾಖಲಾತಿ ಪುಸ್ತಕದಲ್ಲಿ ಈ ಸಲ ಹನ್ನೊಂದು ಹೆಸರುಗಳು ಓದಲು ಸಿಕ್ಕಲಿಲ್ಲ. ಅವು ಮೊದಲ ಬರವಣಿಗೆಯಲ್ಲಿದ್ದವು. ಅಜ್ಜಂಪುರದ ಶಾಲೆಯ ಆರಂಭದ ತಂಡಗಳಲ್ಲಿ ಓದಿದವರು, ಅಥವಾ ಅವರ ಮಕ್ಕಳು, ತಮ್ಮ ಹೆಸರನ್ನೂ ಜೊತೆಯಲ್ಲಿ ಓದಿದವರ ಹೆಸರುಗಳನ್ನೂ ಊರಿನೊಡನೆ ಬರೆದು ಶಾಲೆಯ ಕಚೇರಿಗೆ ಕಳುಹಿಸಿಕೊಡಬೇಕೆಂದು ಅರಿಕೆ. ಕಾಗದದ ಮೇಲೆ ಬರೆದರೆ ಸಾಕು.